ಕಿವಿಯೊಳಗಿನ ಬಸವನಹುಳು

ಮಕ್ಕಳೇ, ಕಿವಿ ಎಂದ ಕೂಡಲೇ ನಮಗೆ ನೆನಪಾಗುವುದು ಮೇಷ್ಟ್ರು ಹಿಂಡುವ ಹೊರಕಿವಿ. ನಿಜವಾಗಿ ಕೇಳುವ ಕೆಲಸ ನಡೆಯುವುದು ಒಳಗೆ, ತಲೆಬುರುಡೆಯ ಗಟ್ಟಿ ಮೂಳೆಯಲ್ಲಿ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ, ಬಟಾಣಿ ಗಾತ್ರದ ಕೊಳವೆಯೊಂದಿದೆ. ಅದರ ಹೆಸರು ಕಾಕ್ಲಿಯಾ. ಹುಟ್ಟುವಾಗಲೇ ಅದು ಪೂರ್ತಿ ಬೆಳೆದಿರುತ್ತದೆ. ನನ್ನ ಕಾಕ್ಲಿಯಾಕ್ಕೂ ತೊಟ್ಟಿಲ ಕೂಸಿನದಕ್ಕೂ ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ!

ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕೇಳಿಸುವುದಿಲ್ಲ. ಶ್ರವಣ ಸಾಧನವೂ ಸಾಲದಿದ್ದರೆ ವೈದ್ಯರು ಈ ಕೊಳವೆಯೊಳಗೆ ತೆಳ್ಳನೆಯ ವಿದ್ಯುತ್ ತಂತಿಯನ್ನು ಕೂರಿಸುತ್ತಾರೆ. ಅದೇ ಕಾಕ್ಲಿಯರ್ ಇಂಪ್ಲಾಂಟ್. ಆದರೆ ತಂತಿ ಹೋಗುವ ದಾರಿ ಸರಿಯಾಗಿದೆಯೇ ಎಂದು ಮೊದಲೇ ತಿಳಿಯುವುದು ಹೇಗೆ?

ಹಿಂದೆ ಅದು ಸಾಧ್ಯವೇ ಇರಲಿಲ್ಲ. ಇಟಲಿಯ ಬೊಲೋನ್ಯಾದಲ್ಲಿ ಕಾರ್ಲೊ ಮೊಂಡಿನಿ ಎಂಬ ವೈದ್ಯರು, ತೀರಿಕೊಂಡ ಎಂಟು ವರ್ಷದ ಕಿವುಡ ಬಾಲಕನೊಬ್ಬನ ಕಿವಿಯನ್ನು ಬಿಡಿಸಿ ನೋಡಿದರು. ಎರಡೂವರೆ ಸುತ್ತಿನ ಬದಲು ಅಲ್ಲಿದ್ದದ್ದು ಒಂದೂವರೆ ಸುತ್ತು. 1791ರಲ್ಲಿ ಅದನ್ನು ಬರೆದಿಟ್ಟರು. ಇಂದಿಗೂ ಆ ದೋಷಕ್ಕೆ ಅವರದೇ ಹೆಸರು. ಕಾರಣ ಗೊತ್ತಾಯಿತು, ಆದರೆ ಆ ಹುಡುಗನಿಗೆ ಅದರಿಂದ ಏನೂ ಸಿಗಲಿಲ್ಲ.

ಈಗ ಆಟವಾಡುವ ಮಗುವಿನ ಕಿವಿಯನ್ನೇ ಗಾಯ ಮಾಡದೆ ನೋಡಬಹುದು. ಸಿ.ಟಿ. ಸ್ಕ್ಯಾನ್ ಮೂಳೆಯನ್ನು ತೋರಿಸುತ್ತದೆ: ಸುತ್ತು ಎಷ್ಟಿದೆ, ಮುಖದ ನರ ಎಲ್ಲಿ ಹಾದುಹೋಗಿದೆ ಎಂದು. ಎಂ.ಆರ್.ಐ. ಕೊಳವೆಯೊಳಗಿನ ದ್ರವವನ್ನೂ, ಸದ್ದನ್ನು ಮಿದುಳಿಗೆ ಒಯ್ಯುವ ನರವನ್ನೂ ತೋರಿಸುತ್ತದೆ. ನರವೇ ಇಲ್ಲದಿದ್ದರೆ ಕಾಕ್ಲಿಯಾದಲ್ಲಿ ತಂತಿ ಇಟ್ಟು ಫಲವಿಲ್ಲ. ಬೇರೆ ದಾರಿ ಹುಡುಕಬೇಕು. ಮೆನಿಂಜೈಟಿಸ್ ಎಂಬ ಮಿದುಳುಪೊರೆಯ ಸೋಂಕಿನಿಂದ ಕಿವುಡಾದ ಮಕ್ಕಳಲ್ಲಿ ಕೊಳವೆಯೊಳಗೇ ಮೂಳೆ ಬೆಳೆದು ದಾರಿ ಮುಚ್ಚಬಹುದು. ಅಂಥವರಿಗೆ ಕಾಯುವಷ್ಟು ಸಮಯವಿರುವುದಿಲ್ಲ.

ಚಿತ್ರ ಸ್ಪಷ್ಟವಾಗಿ ಬರಲು ಅಲುಗಾಡದೆ ಮಲಗಬೇಕು. ಪುಟ್ಟ ಮಕ್ಕಳಿಗೆ ಅದು ಕಷ್ಟ. ಅದಕ್ಕೇ ಹಲವು ಸಲ ಔಷಧ ಕೊಟ್ಟು ಮಲಗಿಸುತ್ತಾರೆ. ಎಂ.ಆರ್.ಐ. ಯಂತ್ರ ಢಣಢಣ ಸದ್ದು ಮಾಡುತ್ತದೆ, ಆದರೆ ನೋಯಿಸುವುದಿಲ್ಲ.

ಇನ್ನು ಅಜ್ಜ ಅಜ್ಜಿಯರಿಗೆ ಒಂದು ಮಾತು. ಮಗು ಸದ್ದಿಗೆ ತಿರುಗದಿದ್ದರೆ "ನಮ್ಮ ವಂಶದಲ್ಲಿ ಮಾತು ಬರುವುದೇ ತಡ" ಎಂದು ವರ್ಷ ಕಳೆಯಬೇಡಿ. ಮಿದುಳು ಮಾತು ಕಲಿಯುವುದು ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಎಳೆಗೂಸುಗಳ ಕಿವಿಯನ್ನೂ ಪರೀಕ್ಷಿಸುತ್ತಾರೆ. ಅನುಮಾನ ಬಂದ ವಾರವೇ ಹೊರಡಿ.