ಬಂಬುಚ್ಚಿಯೂ ಪತಂಗವೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬಯಲುಗಳಲ್ಲಿ ಮುಂಗಾರಿನ ಏಣೆಲು ಬೆಳೆಯು ತೆನೆ ಬಿಡುವ ಕಾಲಕ್ಕೆ ಎರಡು ಕೀಟಗಳ ಉಪದ್ರವವು ಕಾಣಿಸಿಕೊಳ್ಳುತ್ತದೆ. ಒಂದು, ತುಳುವರು ಬಂಬುಚ್ಚಿ ಎಂದು ಕರೆಯುವ ತೆನೆ ತಿಗಣೆ. ಇನ್ನೊಂದು, ಕಾಂಡಕೊರಕದ ಹಳದಿ ಪತಂಗ. ಎರಡರಿಂದಲೂ ಕಾಳು ಜೊಳ್ಳಾಗುತ್ತದೆ. ಆದುದರಿಂದ ಎರಡಕ್ಕೂ ಒಂದೇ ವಿಷವನ್ನು ಸಿಂಪಡಿಸಿದರೆ ಸಾಕೆಂದು ನಂಬುವವರುಂಟು. ಈ ನಂಬಿಕೆಯು ಸರಿಯಲ್ಲ.

ತಿಗಣೆಯ ಬಾಯಿ ಸೂಜಿಯಂತಹ ಕೊಳವೆ. ಕಾಳಿನಲ್ಲಿ ಹಾಲು ತುಂಬುವಾಗ ಅದು ಚುಚ್ಚಿ ರಸವನ್ನು ಹೀರುತ್ತದೆ. ಮರಿಯೂ ರೆಕ್ಕೆ ಬಲಿತ ತಾಯಿಯೂ ಒಂದೇ ಪಂಕ್ತಿಯಲ್ಲಿ ಉಣ್ಣುವುದು ಈ ಕುಲದ ರೀತಿ. ಗದ್ದೆಗಿಳಿದೊಡನೆ ಮೂಗಿಗೆ ಬಡಿಯುವ ದುರ್ನಾತವೇ ಅದರ ಗುರುತು.

ಪತಂಗದ ಸಂಸಾರವೇ ಬೇರೆ. ರಾತ್ರಿ ದೀಪಕ್ಕೆ ಮುತ್ತುವ ಆ ಹಳದಿ ಜೀವಿಯು ಪೈರನ್ನು ತಿನ್ನುವುದೇ ಇಲ್ಲ. ಎಲೆಯ ತುದಿಯಲ್ಲಿ ಮೊಟ್ಟೆಗಳನ್ನಿಟ್ಟು, ತನ್ನ ರೋಮಗಳಿಂದ ಮುಚ್ಚಿ, ಕೆಲವೇ ದಿನಗಳಲ್ಲಿ ಸಾಯುತ್ತದೆ. ತಿನ್ನುವುದೆಲ್ಲ ಅದರ ಮರಿಹುಳು. ಅದು ಕಾಂಡವನ್ನು ಹೊಕ್ಕು ಒಳಗಿನಿಂದ ಕೊರೆಯುತ್ತದೆ. ಎಳೆಯ ಪೈರಾದರೆ ಸುಳಿ ಒಣಗುತ್ತದೆ. ಬಲಿತ ಪೈರಾದರೆ ಇಡೀ ತೆನೆ ಬೆಳ್ಳಗಾಗಿ ನೆಟ್ಟಗೆ ನಿಲ್ಲುತ್ತದೆ, ಎಳೆದರೆ ಸುಲಭವಾಗಿ ಕಿತ್ತುಬರುತ್ತದೆ.

ಬಿಳಿ ತೆನೆಯನ್ನು ಕಂಡ ಮೇಲೆ ಸಿಂಪಡಿಸಿದ ವಿಷದಿಂದ ಆ ತೆನೆಗೆ ಕಾಳು ಮರಳದು. ಹುಳು ಕಾಂಡದೊಳಗೆ ಅಡಗಿರುತ್ತದೆ; ಸಾಯುವುದು ಹೊರಗೆ ಬಲೆ ನೇಯ್ದು ಕುಳಿತ ಜೇಡ. ಇಂಡೋನೇಷ್ಯಾದಲ್ಲಿ ಹೀಗೆ ಜೇಡಗಳು ಅಳಿದು, ಮತ್ತೊಂದು ರಸಹೀರುಕವಾದ ಕಂದು ಜಿಗಿಹುಳು ಮಿತಿಮೀರಿದಾಗ, 1986ರಲ್ಲಿ ಅಲ್ಲಿನ ಸರಕಾರವು ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನೇ ನಿಷೇಧಿಸಿತು. ಪತಂಗಕ್ಕೆ ಮದ್ದು ಮೊದಲೇ ಆಗಬೇಕು: ನೇಜಿಯನ್ನು ನೆಡುವ ಮುನ್ನ ಎಲೆಯ ತುದಿಯನ್ನು ಮೊಟ್ಟೆಸಹಿತ ಕತ್ತರಿಸುವುದು, ಕೊಯ್ಲಾದೊಡನೆ ಕೂಳೆಯನ್ನು ಉತ್ತು ಹುಳುವಿನ ಬಿಡಾರವನ್ನು ಕೆಡಿಸುವುದು.

ತಿಗಣೆಯ ಪ್ರಶ್ನೆ ಒಬ್ಬನ ಗದ್ದೆಯಲ್ಲಿ ಬಗೆಹರಿಯುವಂಥದಲ್ಲ. ಪೈರು ತೆನೆ ಬಿಡುವವರೆಗೆ ಅದು ಬದುವಿನ ಹುಲ್ಲಿನಲ್ಲಿ ಕಾಲ ಕಳೆಯುತ್ತದೆ. ಎಷ್ಟೋ ಬಯಲುಗಳು ಅಡಿಕೆತೋಟಗಳಾಗಿರುವ ಈ ದಿನಗಳಲ್ಲಿ, ನಡುವೆ ಉಳಿದ ಗದ್ದೆಯೊಂದು ಒಂಟಿಯಾಗಿ ತೆನೆ ಬಿಟ್ಟರೆ ಸುತ್ತಲಿನ ತಿಗಣೆಗಳಿಗೆಲ್ಲ ಅದೊಂದೇ ಊಟದೆಲೆ. ಭತ್ತವನ್ನು ಬಿಡದೆ ಉಳಿಸಿಕೊಂಡವನಿಗೆ ಇದು ಅನ್ಯಾಯದ ದಂಡವೇ ಸರಿ. ಬಯಲಿನವರೆಲ್ಲ ಒಂದೇ ವಾರದಲ್ಲಿ ನೇಜಿ ನೆಟ್ಟು, ಬದುಗಳ ಹುಲ್ಲನ್ನು ಮುಂಚೆಯೇ ಸವರಿದರೆ ಹಾನಿಯು ಹಂಚಿಹೋಗುತ್ತದೆ. ನೆರೆಯಲ್ಲಿ ಗದ್ದೆಯೇ ಇಲ್ಲದವನು ಬೆಳಗಿನ ಹೊತ್ತು ಬಲೆ ಬೀಸಿ ತಿಗಣೆಗಳನ್ನು ಹಿಡಿಯಬೇಕು. ಕಾಳು ಗಟ್ಟಿಯಾಗುವವರೆಗೆ ಅವನಿಗೆ ಬಿಡುವಿಲ್ಲ.