ಜೇಬಿನಾಗ ಇದ್ದದ್ದೇ ಕ್ಯಾಮೆರಾ

ಕೊಪ್ಪಳದ ಗವಿಮಠದ ತೇರು ಎಳೆಯುವುದು ಸಂಜೆ ಹೊತ್ತಿಗೆ. ಅವತ್ತು ಅವ್ವ ತೇರಿಗೆ ಉತ್ತತ್ತಿ ಎಸೆದು ಕೈಮುಗಿದಳು. ‘ವಜ್ಜೆ ಆಗ್ತದ’ ಅಂತ ದೊಡ್ಡ ಕ್ಯಾಮೆರಾ ಮನೆಯಲ್ಲೇ ಬಿಟ್ಟಿದ್ದೆ. ಹಳೇ ಮೊಬೈಲ್‌ನಲ್ಲಿ ತೆಗೆದ ಫೋಟೊದಲ್ಲಿ ಅವ್ವನ ಮುಖವೇ ಮಸುಕು. ಮುಂದಿನ ಜಾತ್ರೆಗೆ ಅವ್ವ ಇರಲಿಲ್ಲ.

ಅದಕ್ಕೇ ಹೇಳ್ತೀನಿ, ಜೇಬಿನ ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್ ಎಷ್ಟು ಅಂತ ಕೇಳಬೇಡಿ, ಸೆನ್ಸರ್ ಎಷ್ಟು ದೊಡ್ಡದು ಅಂತ ಕೇಳಿ. ‘ಒಂದಿಂಚು’ ಅನ್ನುವ ಸೆನ್ಸರ್ ವಿಸ್ತೀರ್ಣದಲ್ಲಿ ಅಗ್ಗದ ಕ್ಯಾಮೆರಾಗಳ ಸೆನ್ಸರ್‌ನ ಸುಮಾರು 4 ಪಟ್ಟು; ಮಬ್ಬಿನಲ್ಲೂ ಚಿತ್ರ ಸ್ವಚ್ಛ ಬರ್ತದ. ಲೆನ್ಸ್ ಮೇಲಿನ ಎಫ್ ಅಂಕಿ 1.8 ಅಥವಾ 2 ಇರಲಿ. ಅಂಕಿ ಸಣ್ಣದಾದಷ್ಟೂ ಬೆಳಕು ಹೆಚ್ಚು. ಝೂಮ್ ಎಳೆದರೆ ಸಾಮಾನ್ಯವಾಗಿ ಬೆಳಕು ಕಡಿಮೆಯಾಗ್ತದ, ಅದರ ಬದಲು ಎರಡು ಹೆಜ್ಜೆ ಮುಂದೆ ಹೋಗಿ. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್ 100ರಲ್ಲಿ ಇವೆರಡೂ ಇವೆ, ತೂಕ 240 ಗ್ರಾಂ. ಸುಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು.

ಪರೀಕ್ಷೆಗೆ ಯಲಬುರ್ಗಾ ಕಡೆಯ ಇಟಗಿಗೆ ಹೋಗಿ. 1112ರ ಮಹಾದೇವ ಗುಡಿಯ ಒಳಗಿನ ಕಂಬದ ಕುಸುರಿ ಫ್ಲ್ಯಾಶ್ ಇಲ್ಲದೆ ಮೂಡಿದರೆ, ಮನೆಯ ಸಂಜೆಯೂ ಮೂಡ್ತದ.

ಕೊಳ್ಳುವ ಮುಂಚೆ ಅಂಗಿ ಜೇಬಿಗೆ ಹಾಕಿ, ಕುಂತು ಎದ್ದು ನೋಡಿ. ಭಾರ ಅನಿಸಿದರೆ ಅದೂ ನಾಳೆ ಮನೆಯಲ್ಲೇ ಉಳೀತದ.