ಚೌಕಾಬಾರಾದಾಗ ಜಗಳ ಇರಬೇಕು

ಅಕ್ಕಾರ, ವೈನಿಯರ, ಈ ಬ್ಯಾಸಿಗಿ ರಜಾಕ್ಕ ಮಗಳು ಮೊಮ್ಮಗನ್ನ ನಮ್ಮ ಕಡೆ ಬಿಟ್ಟು ಹೋಗಿದ್ಲು. ಒಂಬತ್ತು ವರ್ಷದ ಹುಡುಗ. ಬಂದ ದಿನದಿಂದ ಕೈಯಾಗ ಮೊಬೈಲ್, ಮೊಬೈಲಿನಾಗ ಲೂಡೋ. ಉಣ್ಣಾಕ ಕೂತ್ರೂ ತಾಟಿನ ಬಾಜೂಕ ಅದು ಬೇಕು. ಬೈಯೂ ಹಕ್ಕು ನನಗಿಲ್ಲ ಬಿಡ್ರಿ. ಅಂವ ಎರಡು ವರ್ಷದ ಕೂಸಿದ್ದಾಗ, ನಾಲ್ಕು ತುತ್ತು ಹೆಚ್ಚಿಗಿ ಉಣ್ಣಲಿ ಅಂತ ಮೊದಲು ಮೊಬೈಲ್ ಕೈಗೆ ಕೊಟ್ಟಾಕಿ ನಾನಽ.

ಲೂಡೋನೂ ಹೊರಗಿಂದೇನಲ್ಲ. ನಮ್ಮ ಪಚ್ಚೀಸಿ ಆಟಾನ ಇಂಗ್ಲಿಷರು ಒಯ್ದು, ಸಣ್ಣದು ಮಾಡಿ, ಲೂಡೋ ಅಂತ ಪೇಟೆಂಟ್ ಮಾಡಿಸಿಕೊಂಡ್ರು. ಅಂದಮ್ಯಾಲೆ ಆಟದ್ದೇನು ತಪ್ಪು? ಎಲ್ಲಾರೂ ಕಣ್ಣು ಹಾಳಾಗತಾವ, ಮೈ ಬೆಳಿಯೂದಿಲ್ಲ ಅಂತಾರ. ಅದೂ ಖರೇನಽ. ನನಗ ಕಂಡ ಕೊರತಿ ಬ್ಯಾರೆ.

ಒಂದಿನ ಮಧ್ಯಾಹ್ನ ಕರೆಂಟ್ ಹೋತು, ಮೊಬೈಲ್ ಸತ್ತು ಬಿತ್ತು. ಪಡಸಾಲಿ ಫರಸಿ ಮ್ಯಾಲೆ ಖಡೂಲೆ ಐದೈದು ಮನಿ ಗೆರಿ ಹೊಡದೆ. ನಾಲ್ಕೂ ಮಗ್ಗಲಿನ ನಡುವಿನ ಮನಿಗೆ, ನಟ್ಟನಡುವಿನ ಮನಿಗೆ ಕತ್ರಿ ಹಾಕಿದೆ. ನಾಲ್ಕು ಹುಣಸಿ ಬೀಜ ಕಲ್ಲಿಗೆ ತಿಕ್ಕಿ ಒಂದು ಮಗ್ಗಲಾ ಬೆಳ್ಳಗ ಮಾಡಿದೆ. ನನಗ ಬಳಿಚೂರು, ಅವಗ ಕಡ್ಲಿಕಾಳು. ನಾಲ್ಕೂ ಬೆಳ್ಳಗ ಬಿದ್ರ ಚೌಕ, ನಾಲ್ಕೂ ಕರ್ರಗ ಬಿದ್ರ ಬಾರಾ, ಅಂದ್ರ ಎಂಟು.

"ಬಾರಾ ಅಂದ್ರ ಹನ್ನೆರಡಲ್ಲೇನಜ್ಜಿ?" ಅಂದ.

"ನಮ್ಮವ್ವ ಎಂಟಕ್ಕಽ ಬಾರಾ ಅಂತಿದ್ಲು, ಅದಽ ಕಾಯ್ದೆ" ಅಂದೆ.

ಅಷ್ಟೊತ್ತಿಗೆ ಬಾಜೂಮನಿ ಹುಡುಗಿ ಬಂದ್ಲು. ನಮ್ಮ ಮನ್ಯಾಗ ಒಂದು ಕಾಯಿನಾದ್ರೂ ಕಡೀದ ಒಳಸುತ್ತಿಗೆ ಹೋಗಾಕ ಬಿಡೂದಿಲ್ಲ. ಅವರ ಮನ್ಯಾಗ ಬಿಡತಾರಂತ. ಬೀಜ ಹಾಕೂ ಮೊದಲಽ ಅರ್ಧಾ ತಾಸು ವಾದ! ನಾ ಬಾಯಿ ಹಾಕಲಿಲ್ಲ. ಕಡಿಯಾಕಬೇಕು, ಆದ್ರ ಕಡದಾವಗ ಇನ್ನೊಂದು ಸಲ ಹಾಕಾಕ ಕೊಡಬೇಕು ಅಂತ ಇಬ್ರೂ ತಾವಽ ಒಪ್ಪಿದ್ರು. ಮೊಬೈಲ್ ಯಾವತ್ತರ "ನಿಮ್ಮ ಮನಿ ಕಾಯ್ದೆ ಏನು" ಅಂತ ಕೇಳೇತೇನು? ಎಣಿಸೂದೂ ಅದಽ, ನ್ಯಾಯ ಹೇಳೂದೂ ಅದಽ.

ಹಳೇದೆಲ್ಲ ಬಂಗಾರ ಅಂತ ನಾ ಹೇಳಾಕತ್ತಿಲ್ಲ. ದೊಡ್ಡಾಕಿ ಆದಿ ಅಂತ ಹನ್ನೆರಡಕ್ಕಽ ನನ್ನ ಕುಂಟಾಟ ಬಂದ್ ಮಾಡಿಸಿದ್ರು. ತಮ್ಮ ಓಣ್ಯಾಗ ಚಿಣಿಫಣಿ ಆಡೂದನ್ನ ಕಿಡಕ್ಯಾಗ ನಿಂತು ನೋಡತಿದ್ದೆ. ಮೊಬೈಲ್ ಆಟಕ್ಕ ಹುಡುಗಾ, ಹುಡುಗಿ ಅಂತ ಭೇದ ಇಲ್ಲ, ಆ ಮಾತಿಗೆ ಒಪ್ಪತೀನಿ.

ಇರಲಿ. ಹುಡುಗನ ಕಡೀ ಕಾಯಿ ಹಣ್ಣಾಗಾಕ ಒಂದಽ ಮನಿ ಉಳದಿತ್ತು. ಆಕಿ ಮೂರು ಹಾಕಿ ಕಡದ್ಲು. ಇಂವಗ ಎಲ್ಲಿ ಸಿಟ್ಟು ಬಂತೋ, ಕೈಲೆ ಎಲ್ಲಾ ಬಳದು ಚೆಲ್ಲಿಬಿಟ್ಟ. ಮೊಬೈಲಿನಾಗ ಸೋಲೂ ಹಂಗ ಕಂಡ್ರ ಬಂದ್ ಮಾಡಿ ಹೊಸಾ ಆಟ ತಗಿಯೂದು ರೂಢಿ. ಇಲ್ಲಿ ಆ ಹುಡುಗಿ ಒಂದು ಮಾತಾಡದ ಎದ್ದು ಹೋದ್ಲು. ನಾನೂ ಸಮಾಧಾನ ಮಾಡಲಿಲ್ಲ, ಕಸಬರಿಗಿ ತಗೊಂಡು ಕಾಳು ಗುಡಿಸಿದೆ. ಕರುಳು ಚುರ್ ಅಂತು, ಸುಳ್ಳ್ಯಾಕ ಹೇಳಲಿ.

ಸಂಜಿಗೆ ಕರೆಂಟ್ ಬಂತು, ಮೊಬೈಲೂ ಹಿಡದ. ಆದ್ರ ಮಾರನೇ ದಿನ ನಾಷ್ಟಾ ಆಗೂದ್ರಾಗ ಹುಡುಗ ಕಾಣಲಿಲ್ಲ. ಬಾಗಲಕ್ಕ ಬಂದು ನೋಡ್ತೀನಿ, ಮುಟಗ್ಯಾಗ ಹುಣಸಿ ಬೀಜ ಹಿಡಕೊಂಡು ಅವರ ಗೇಟಿನ ಮುಂದ ನಿಂತಾನ. ಆಕಿ ಒಳಗಿಂದಽ ಅಂದ್ಲು: "ನಿನ್ನೆ ನಂದು ಎರಡು ಹಣ್ಣಾಗಿದ್ವು. ಅಲ್ಲಿಂದಽ ಶುರು."

"ಹ್ಞೂಂ, ಆತು" ಅಂದ.